ಕೀಲಿಕೈ ಹೊರಗೆ ಬಿಟ್ಟು ಬನ್ನಿ: ಪ್ಲೇಗ್ ಕಾಲದ ಮುಂಬಯಿಯ ನನ್ನ ಕಾದಂಬರಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ವರ್ಷದಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಇನ್ನೂ ಹೆಸರಿಟ್ಟಿಲ್ಲ. ತಿಂಗಳಿಗೊಂದು ಭಾನುವಾರ ಮಾಟುಂಗಾದ ಗೆಳತಿಯ ಮನೆಯಲ್ಲಿ ಒಂದು ಅಧ್ಯಾಯ ಓದುತ್ತೇನೆ. ಡೊಂಬಿವಲಿ, ಥಾಣೆಯಿಂದ ಜನ ಬರುತ್ತಾರೆ. ಪುಣೆಯಿಂದ ಇಬ್ಬರು ಬೆಳಗಿನ ರೈಲು ಹಿಡಿದು ಬರುತ್ತಾರೆ. ಓದು ಮುಗಿದು ಚಹಾ ಬರುವ ಹೊತ್ತಿಗೆ ಪ್ರಶ್ನೆಗಳು ಶುರುವಾಗುತ್ತವೆ. ಕೆಲವರು ಕಾಗದ ಬರೆದೂ ಕೇಳಿದ್ದಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರ ಬರೆದಿದ್ದೇನೆ.

## ಹೊಸದಾಗಿ ಬಂದವರು ಕೇಳುವುದು

ಗಾಥಿಕ್ ಅಂದ್ರೆ ವಿ.ಟಿ. ಸ್ಟೇಷನ್ ತರದ ಬಿಲ್ಡಿಂಗ್ ಅಲ್ವಾ? ಕಾದಂಬರಿ ಹೇಗೆ ಗಾಥಿಕ್ ಆಗುತ್ತೆ?

ಹೌದು, ಹೆಸರು ಬಂದದ್ದು ಕಟ್ಟಡದಿಂದಲೇ. ಚೂಪು ಕಮಾನು, ಎತ್ತರದ ಗೋಪುರ, ಬಾಯಿ ತೆರೆದ ಕಲ್ಲಿನ ಪ್ರಾಣಿಗಳು. ಯುರೋಪಿನ ಹಳೆಯ ಚರ್ಚುಗಳ ಈ ಶೈಲಿಗೆ ಗಾಥಿಕ್ ಎನ್ನುತ್ತಾರೆ. 1764ರಲ್ಲಿ ಇಂಗ್ಲೆಂಡಿನಲ್ಲಿ ಹಳೆ ಕೋಟೆಯೊಂದರ ಭಯದ ಕಾದಂಬರಿ ಬಂತು. ಮರುವರ್ಷದ ಎರಡನೇ ಮುದ್ರಣದಲ್ಲಿ ಅದನ್ನು ಬರೆದವರು 'ಗಾಥಿಕ್ ಕಥೆ' ಎಂದು ಸೇರಿಸಿದರು. ಅಲ್ಲಿಂದ ಆ ಮಾತು ಕಾದಂಬರಿಗೂ ಅಂಟಿಕೊಂಡಿತು.

ನಮ್ಮ ಕಡೆಯ ಮಾತಲ್ಲಿ ಹೇಳುವುದಾದರೆ, ಮನೆಯೇ ಒಂದು ಪಾತ್ರವಾಗಿರುವ ಕಥೆ. ಹಳೆ ವಾಡೆ. ಅದರಲ್ಲಿ ಯಾರೂ ತೆಗೆಯದ ಒಂದು ಕೋಣೆ. 'ಆ ಕಡೆ ಹೋಗಬ್ಯಾಡ' ಎನ್ನುವ ಅಜ್ಜಿ. ಹಿಂದಿನವರು ಮುಚ್ಚಿಟ್ಟದ್ದು ಇಂದಿನವರ ಮುಂದೆ ಬಂದು ನಿಲ್ಲುವುದು. ಇಷ್ಟಿದ್ದರೆ ಅದು ಗಾಥಿಕ್.

ಮುಂಬಯಿಯಲ್ಲಿ ಒಂದು ವಿಶೇಷ ಇದೆ. ವಿ.ಟಿ. ಸ್ಟೇಷನ್ (ಈಗಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಕಟ್ಟಲು ಸುಮಾರು 10 ವರ್ಷ ಹಿಡಿಯಿತು, ಮುಗಿದದ್ದು 1888ರ ಹೊತ್ತಿಗೆ. ನನ್ನ ಕಥೆ 1896ರದ್ದು. ಅಂದರೆ ಆಗ ಆ ಕಟ್ಟಡ ಹೊಚ್ಚ ಹೊಸದು, ಕಲ್ಲಿನ ಬಣ್ಣ ಕೂಡ ಮಾಸಿರಲಿಲ್ಲ. ಇಂಗ್ಲಿಷರ ಕಥೆಗಳಲ್ಲಿ ಭಯ ಪಾಳುಬಿದ್ದ ಕೋಟೆಯಲ್ಲಿರುತ್ತದೆ. ಇಲ್ಲಿ ಹೊಸ ಸ್ಟೇಷನ್ನಿನ ದೀಪದ ಕೆಳಗೆ, ಗಂಟುಮೂಟೆ ಹೊತ್ತು ಊರು ಬಿಡುವ ಜನರ ಮುಖದಲ್ಲಿತ್ತು.

ಕಥೆ ಏನು, ಸ್ವಲ್ಪ ಹೇಳಿ. ಕೊನೆ ಮಾತ್ರ ಹೇಳಬೇಡಿ.

ಧಾರವಾಡದ ಕಡೆಯ ಒಬ್ಬ ಹುಡುಗ. ಮೆಟ್ರಿಕ್ ಆಗಿದೆ. 1895ರಲ್ಲಿ ಮುಂಬಯಿಯ ಕೊಲಾಬಾದ ವೀಕ್ಷಣಾಲಯದಲ್ಲಿ ಸಣ್ಣ ಕೆಲಸಕ್ಕೆ ಸೇರುತ್ತಾನೆ. ಭೂಮಿಯ ಅಯಸ್ಕಾಂತ ಶಕ್ತಿಯನ್ನು ಹಗಲೂ ರಾತ್ರಿ ದಾಖಲಿಸುವ ಯಂತ್ರ ಅಲ್ಲಿದೆ. ಅದರ ಕಾಗದ ತೊಳೆದು ಒಣಗಿಸುವುದು ಇವನ ಕೆಲಸ. ಇರುವುದು ಬಂದರಿನ ಪಕ್ಕದ ಮಾಂಡ್ವಿಯಲ್ಲಿ, ಒಂದು ಚಾಳಿನ (ಸಾಲು ಕೋಣೆಗಳ ಬಾಡಿಗೆ ಕಟ್ಟಡ) ಖೋಲಿಯಲ್ಲಿ.

1896ರ ಮಳೆಗಾಲದ ಕೊನೆಗೆ ಮಾಂಡ್ವಿಯಲ್ಲಿ ಇಲಿಗಳು ಬೀಳತೊಡಗುತ್ತವೆ. ಅದೇ ವಾರ ಕಾಗದದ ಗೆರೆಯಲ್ಲಿ ಒಂದು ವಿಚಿತ್ರ ನಡುಕ ಕಾಣುತ್ತದೆ. ಆ ನಡುಕ ಅರ್ಧ ಗಂಟೆ ಮುಂದೆ ಆಗಲಿರುವುದನ್ನು ಬರೆಯುತ್ತಿದೆ ಎಂದು ಅವನಿಗೆ ತಿಳಿಯುತ್ತದೆ. ಯಾವ ಮನೆಗೆ ತಪಾಸಣೆಯವರು ಬರುತ್ತಾರೆ, ಯಾವ ಬಾಗಿಲು ಮುಚ್ಚುತ್ತದೆ, ಅಷ್ಟೇ. ಮುಂದಿನದನ್ನು ಓದಿಯೇ ತಿಳಿಯಬೇಕು.

ಇದು ದೆವ್ವದ ಕಥೆಯಾ, ವಿಜ್ಞಾನ ಕಥೆಯಾ? ಒಂದು ಹೇಳಿ.

ಒಂದೇ ಹೇಳಬೇಕೆಂದರೆ ವಿಜ್ಞಾನ ಕಥೆ. ನನಗೆ ನಾನೇ ಒಂದು ನಿಯಮ ಹಾಕಿಕೊಂಡಿದ್ದೇನೆ. ಇಡೀ ಕಾದಂಬರಿಯಲ್ಲಿ ಆಗಲಾರದ್ದು ಒಂದೇ ಇರಬೇಕು, ಆ ಅರ್ಧ ಗಂಟೆ. ಉಳಿದ ರೋಗ, ಕಾನೂನು, ರೈಲು, ಯಂತ್ರ, ಬೀದಿ ಎಲ್ಲ ಆ ಕಾಲದಲ್ಲಿ ಇದ್ದಂತೆಯೇ ಇರಬೇಕು.

ಪಾತ್ರಗಳು ದೆವ್ವವನ್ನು ನಂಬುತ್ತವೆ. ಅದು ಬೇರೆ ಮಾತು. ಅವರ ನಂಬಿಕೆಯನ್ನು ನಾನು ಎಲ್ಲೂ ಹಗುರ ಮಾಡಿಲ್ಲ.

ಮಕ್ಕಳಿಗೆ ಕೊಡಬಹುದಾ?

ಹತ್ತನೇ ಕ್ಲಾಸ್ ದಾಟಿದವರಿಗೆ ಕೊಡಿ. ರಕ್ತ ಕಡಿಮೆ, ಸಾವು ಜಾಸ್ತಿ.

## ಇತಿಹಾಸದ ಬಗ್ಗೆ

ಪ್ಲೇಗಿನ ಬಗ್ಗೆ ಬರೆದದ್ದರಲ್ಲಿ ನಿಜ ಎಷ್ಟು?

ಪೂರ್ತಿ ನಿಜ. ಅದರಲ್ಲಿ ಕಲ್ಪನೆ ಬೆರೆಸಲು ನನಗೆ ಮನಸ್ಸು ಬರಲಿಲ್ಲ.

1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿಯ ರೋಗಿಯೊಬ್ಬರನ್ನು ನೋಡಿ ಇದು ಪ್ಲೇಗ್ ಎಂದು ಗುರುತಿಸಿದವರು ಡಾಕ್ಟರ್ ಅಕಾಸಿಯೊ ವಿಯೇಗಸ್, ಗೋವಾದವರು. ಧೋಬಿ ತಲಾವ್‌ನಲ್ಲಿ ಮೆಟ್ರೋ ಸಿನಿಮಾ ಎದುರು ಅವರ ಪ್ರತಿಮೆ ಇದೆ. ದಿನವೂ ಸಾವಿರಾರು ಜನ ಅದರ ಪಕ್ಕ ಹಾದು ಹೋಗುತ್ತೇವೆ. ಆಗಿನ ಮುಂಬಯಿಯ ಜನಸಂಖ್ಯೆ, 1891ರ ಲೆಕ್ಕದಂತೆ, ಸುಮಾರು 8.2 ಲಕ್ಷ. ಕೆಲವೇ ತಿಂಗಳಲ್ಲಿ ಲಕ್ಷಗಟ್ಟಲೆ ಜನ ಊರು ಬಿಟ್ಟರು.

1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಮನೆ ಹೊಕ್ಕು ಹುಡುಕುವುದು, ಜ್ವರ ಇದ್ದವರನ್ನು ಎತ್ತಿಕೊಂಡು ಹೋಗುವುದು, ಮನೆಯವರನ್ನು ಕ್ಯಾಂಪಿಗೆ ಕಳಿಸುವುದು, ಬಿಸಿಲು ಬೀಳಲೆಂದು ಹಂಚು ಕೀಳುವುದು, ಸುಣ್ಣ ಬಳಿಯುವುದು ಇವೆಲ್ಲ ನಡೆದವು. ಕೆಲವು ಮನೆಗಳ ಗೋಡೆಗೆ 'ಯು.ಎಚ್.ಎಚ್.' ಎಂದು ಬರೆಯುತ್ತಿದ್ದರು. ಮನುಷ್ಯರು ಇರಲು ತಕ್ಕದ್ದಲ್ಲ ಎಂದು ಅದರ ಅರ್ಥ. ಒಳಗೆ ಇದ್ದವರಿಗೆ ಆ ಅಕ್ಷರ ಓದಲು ಬರುತ್ತಿರಲಿಲ್ಲ. ಈ ಒಂದು ದೃಶ್ಯಕ್ಕಿಂತ ಭಯದ್ದನ್ನು ನಾನು ಯಾವ ದೆವ್ವ ತಂದರೂ ಬರೆಯಲಾರೆ.

ಆಸ್ಪತ್ರೆಗೆ ಹೋದವರು ತಿರುಗಿ ಬರುವುದಿಲ್ಲ ಎಂಬ ಮಾತು ಗಿರಣಿ ಕೆಲಸಗಾರರಲ್ಲಿ ಹಬ್ಬಿತ್ತು. 1896ರ ಅಕ್ಟೋಬರ್ ಕೊನೆಯಲ್ಲಿ ಅವರು ಗುಂಪುಗೂಡಿ ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ನುಗ್ಗಿದರು. ಅದೂ ನನ್ನ ಕಥೆಯಲ್ಲಿ ಬರುತ್ತದೆ.

ನಿಮ್ಮ ಕಥೆಯ ಡಾಕ್ಟರಿಗೆ ಚಿಗಟದ ವಿಷಯವೇ ಗೊತ್ತಿಲ್ಲ. ಅದು ತಪ್ಪಲ್ವಾ?

ತಪ್ಪಲ್ಲ. ಆಗ ಯಾರಿಗೂ ಗೊತ್ತಿರಲಿಲ್ಲ. 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಯೆರ್ಸಿನ್ ಪ್ಲೇಗಿನ ಕ್ರಿಮಿಯನ್ನು ಕಂಡುಹಿಡಿದಿದ್ದರು. ಆದರೆ ಅದು ಇಲಿಯಿಂದ ಮನುಷ್ಯನಿಗೆ ಹೇಗೆ ದಾಟುತ್ತದೆ ಎಂಬುದು ತಿಳಿದಿರಲಿಲ್ಲ. ಚಿಗಟ ಕಚ್ಚಿ ಬರುತ್ತದೆ ಎಂದು ಸಿಮೊಂಡ್ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು 1898ರಲ್ಲಿ. ಅದನ್ನು ಎಲ್ಲರೂ ಒಪ್ಪಲು ಇನ್ನೂ ಎಷ್ಟೋ ವರ್ಷ ಹಿಡಿಯಿತು.

ಹಾಗಾಗಿ ನನ್ನ ಪಾತ್ರಗಳು ಚರಂಡಿ ತೊಳೆಯುತ್ತವೆ, ಬಟ್ಟೆ ಸುಡುತ್ತವೆ, ಗಂಧಕದ ಹೊಗೆ ಹಾಕುತ್ತವೆ. ಸತ್ತ ಇಲಿಯನ್ನು ಮಾತ್ರ ಬರಿಗೈಯಲ್ಲಿ ಬಾಲ ಹಿಡಿದು ಹೊರಗೆ ಎಸೆಯುತ್ತವೆ. ಓದುವವರಿಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಆ ಪುಟ ಓದಿದಾಗ ಮಾಟುಂಗಾದ ಆ ಮನೆಯಲ್ಲಿ ಒಬ್ಬರು 'ಅಯ್ಯೋ ಬಿಡೋ ಅದನ್ನ' ಎಂದು ಕೂಗಿಯೇ ಬಿಟ್ಟರು.

ಒಂದೇ ಊರಲ್ಲಿ ಎರಡು ಟೈಮಾ? ಇದು ನೀವು ಸೇರಿಸಿದ್ದು ತಾನೇ?

ಇದನ್ನು ಎಲ್ಲರೂ ಕೇಳುತ್ತಾರೆ. ಇದು ಸೇರಿಸಿದ್ದಲ್ಲ.

ಆಗ ಊರೂರಿಗೆ ಅದರದೇ ಸೂರ್ಯನ ಸಮಯ ಇತ್ತು. ಮುಂಬಯಿಯ ಸಮಯ ಗ್ರೀನಿಚ್‌ಗಿಂತ 4 ಗಂಟೆ 51 ನಿಮಿಷ ಮುಂದೆ, ಮದ್ರಾಸಿನದು 5 ಗಂಟೆ 21 ನಿಮಿಷ ಮುಂದೆ. ರೈಲಿನವರು ಮದ್ರಾಸ್ ಟೈಮ್ ಹಿಡಿದರು. ಊರಿನವರು ಬಾಂಬೆ ಟೈಮ್ ಬಿಡಲಿಲ್ಲ. ರೈಲಿನ ಲೆಕ್ಕ ಊರಿಗಿಂತ ಅರ್ಧ ಗಂಟೆ ಮುಂದೆ ಓಡುತ್ತಿತ್ತು. ಮನೆಯ ಗಡಿಯಾರ ನಂಬಿ ಹೊರಟವನಿಗೆ ರೈಲು ತಪ್ಪುತ್ತಿತ್ತು.

1906ರಲ್ಲಿ ಇಡೀ ದೇಶಕ್ಕೆ ಒಂದೇ ಸಮಯ ಬಂತು. ಆದರೂ ಮುಂಬಯಿಯಲ್ಲಿ ಬಾಂಬೆ ಟೈಮ್ 39 ನಿಮಿಷ ಹಿಂದೆಯೇ ಉಳಿದು, ಪೂರ್ತಿ ಹೋದದ್ದು 1955ರಲ್ಲಿ. ಸ್ವಾತಂತ್ರ್ಯ ಬಂದ ಎಂಟು ವರ್ಷದ ಮೇಲೆ!

ನನ್ನ ಕಾದಂಬರಿ ಹುಟ್ಟಿದ್ದೇ ಈ ಅರ್ಧ ಗಂಟೆಯಲ್ಲಿ. ಸ್ಟೇಷನ್ನಿನಲ್ಲಿ ಹತ್ತು, ಊರಲ್ಲಿ ಒಂಬತ್ತೂವರೆ. ನಡುವೆ ಇರುವ ಆ ಹೊತ್ತು ಯಾರದು? ಅದರಲ್ಲಿ ಏನಾದರೂ ವಾಸ ಮಾಡಬಹುದಾ? ಒಂದು ರಾತ್ರಿ ಲೋಕಲ್ ಗಾಡಿಗೆ ಕಾಯುತ್ತಾ ಇದನ್ನೇ ಯೋಚಿಸಿದೆ. ಮನೆಗೆ ಹೋದವಳೇ ಬರೆಯಲು ಕೂತೆ.

ಧಾರವಾಡದ ಹುಡುಗ ಆ ಕಾಲಕ್ಕೆ ಮುಂಬಯಿಗೆ ಯಾಕೆ ಬರ್ತಾನೆ? ಕನ್ನಡದವರು ಆಗ ಇಲ್ಲಿ ಇದ್ದರಾ?

ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಎಲ್ಲ ಆಗ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು. ಮೆಟ್ರಿಕ್ ಪರೀಕ್ಷೆ ಮುಂಬಯಿ ವಿಶ್ವವಿದ್ಯಾಲಯದ್ದು. ಸರಕಾರ ಕೂತಿದ್ದೂ ಇಲ್ಲೇ. ಓದಿದವನಿಗೆ ಕೆಲಸ ಬೇಕೆಂದರೆ ಕಣ್ಣು ಇತ್ತಲೇ ತಿರುಗುತ್ತಿತ್ತು. ಕರಾವಳಿಯವರು ಆಗಬೋಟಿನಲ್ಲಿ ಬರುತ್ತಿದ್ದರು. ಮೊಗವೀರರು 1902ರಲ್ಲೇ ಇಲ್ಲಿ ತಮ್ಮ ಮಂಡಳಿ ಕಟ್ಟಿದರು ಎಂದರೆ ಅದಕ್ಕೂ ಮೊದಲೇ ಎಷ್ಟು ಜನ ನೆಲೆಸಿದ್ದರು ನೋಡಿ. ನನ್ನ ಹುಡುಗ ಬಯಲುಸೀಮೆಯವನು, ರೈಲಿನಲ್ಲಿ ಬರುತ್ತಾನೆ. ಪುಣೆಯ ತನಕ ಮೀಟರ್ ಗೇಜ್, ಅಲ್ಲಿ ಇಳಿದು ದೊಡ್ಡ ಗಾಡಿ ಹತ್ತಬೇಕು.

ಅದೇ ಹಳಿಯ ಮೇಲೆ ಪ್ಲೇಗ್ ಹಿಂದಕ್ಕೆ ನಮ್ಮೂರುಗಳಿಗೆ ಹೋಯಿತು. ಹುಬ್ಬಳ್ಳಿಗೆ ಮುಟ್ಟಿತು, ಅಲ್ಲಿಂದ 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ. ಬೆಂಗಳೂರಿನಲ್ಲಿ ಪ್ಲೇಗಮ್ಮನ ಗುಡಿಗಳು ಎದ್ದವು. ಇಲ್ಲಿ ಬಾಂದ್ರಾ, ಗಿರ್ಗಾಂವ್ ಗಲ್ಲಿಗಳಲ್ಲಿ ಕ್ರೈಸ್ತರು ಶಿಲುಬೆ ನಿಲ್ಲಿಸಿದರು. ಎರಡೂ ಕಡೆ ಜನ ಒಂದೇ ಬೇಡಿಕೊಂಡರು.

ಪುಣೆಯ ರ‍್ಯಾಂಡ್ ಕೊಲೆ ಯಾಕೆ ಇಲ್ಲ?

ಪುಣೆಯ ಓದುಗರು ಇದನ್ನು ಸ್ವಲ್ಪ ಬೇಜಾರಿನಿಂದಲೇ ಕೇಳುತ್ತಾರೆ. 1897ರ ಜೂನ್ 22ರ ರಾತ್ರಿ ಗಣೇಶಖಿಂಡ್ ರಸ್ತೆಯಲ್ಲಿ ಚಾಪೇಕರ್ ಸಹೋದರರು ಪುಣೆಯ ಪ್ಲೇಗ್ ಅಧಿಕಾರಿ ರ‍್ಯಾಂಡ್‌ಗೆ ಗುಂಡು ಹೊಡೆದದ್ದು ಬಹಳ ಜನ ಹೇಳಿರುವ ಕಥೆ. ನನ್ನ ಪುಣೆ ಅಧ್ಯಾಯ ಅದಕ್ಕಿಂತ ಮೂರು ತಿಂಗಳ ಹಿಂದಿನದು. ಆ ಮಾರ್ಚ್ 10ರಂದು ಸಾವಿತ್ರಿಬಾಯಿ ಫುಲೆ ತೀರಿಕೊಂಡರು, ಪ್ಲೇಗ್ ರೋಗಿಗಳ ಆರೈಕೆ ಮಾಡುತ್ತಲೇ ರೋಗ ಹತ್ತಿ. ರೈಲು ಬದಲಿಸಲು ಇಳಿದ ಹುಡುಗ ಆ ಸುದ್ದಿ ಕೇಳುತ್ತಾನೆ. ಅವನು ಮುಂದೆ ಮಾಡುವುದಕ್ಕೆ ಆ ಸುದ್ದಿಯೇ ಕಾರಣ.

ಪರೇಲಿನ ಆ ಹಳೆ ಬಂಗಲೆ ನಿಜವಾಗಿಯೂ ಇದೆಯಾ?

ಇದೆ. ಅದು ಇವತ್ತಿನ ಹಾಫ್‌ಕಿನ್ ಸಂಸ್ಥೆ. ಪೋರ್ಚುಗೀಸರ ಕಾಲದಲ್ಲಿ ಅಲ್ಲಿ ಪಾದ್ರಿಗಳ ಮಠ, ಚರ್ಚು ಇದ್ದವು. ಇಂಗ್ಲಿಷರು ಅದನ್ನು ವಶ ಮಾಡಿಕೊಂಡು ಗವರ್ನರ್ ಮನೆ ಮಾಡಿದರು. 1882ರಲ್ಲಿ ಗವರ್ನರ್ ಫರ್ಗ್ಯುಸನ್ ಅವರ ಹೆಂಡತಿ ಅಲ್ಲೇ ಕಾಲರಾದಿಂದ ಸತ್ತರು. ಆಮೇಲೆ ಗವರ್ನರುಗಳು ಮಲಬಾರ್ ಪಾಯಿಂಟಿಗೆ ಹೋದರು. ಪ್ಲೇಗ್ ಲಸಿಕೆ ಕಂಡುಹಿಡಿದ ವಿಜ್ಞಾನಿ ಹಾಫ್‌ಕಿನ್ ಅವರ ಪ್ರಯೋಗಾಲಯ 1899ರಲ್ಲಿ ಆ ಮನೆಗೆ ಬಂತು. ಮಠ, ಅರಮನೆ, ಸಾವಿನ ಮನೆ, ಪ್ರಯೋಗಾಲಯ. ಒಂದೇ ಗೋಡೆಯೊಳಗೆ ಇಷ್ಟು ಕಥೆ ಸಿಕ್ಕರೆ ಇನ್ನೇನು ಬೇಕು?

ಹಾಫ್‌ಕಿನ್ ಶುರು ಮಾಡಿದ್ದು ಮಾತ್ರ ಅಲ್ಲಲ್ಲ, ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ. ಒಂದು ಕೋಣೆ, ಒಂದು ಮೊಗಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು. 1897ರ ಜನವರಿ 10ರಂದು ಲಸಿಕೆಯನ್ನು ಮೊದಲು ತಮಗೇ ಚುಚ್ಚಿಸಿಕೊಂಡರು. ಕ್ರಿಮಿ ಬೆಳೆಸುವ ಸೀಸೆಯ ಸಾರಿನ ಮೇಲೆ ಅವರು ತುಪ್ಪದ ಹನಿ ತೇಲಿಬಿಡುತ್ತಿದ್ದರು. ಆ ಹನಿಗಳ ಕೆಳಗೆ ಪ್ಲೇಗಿನ ಕ್ರಿಮಿಗಳು ಗುಹೆಯ ಕಲ್ಲಿನ ಹಾಗೆ ಇಳಿಬಿದ್ದು ಬೆಳೆಯುತ್ತಿದ್ದವು. ನಮ್ಮ ಅಡುಗೆಮನೆಯ ತುಪ್ಪ! ಈ ಸಾಲು ಓದಿದ ಮೇಲೆ ಎಷ್ಟೋ ದಿನ ತುಪ್ಪದ ಭರಣಿ ತೆಗೆಯುವಾಗ ನನಗೆ ಆ ಸೀಸೆಯೇ ನೆನಪಾಗುತ್ತಿತ್ತು.

## ವಿಜ್ಞಾನದ ಬಗ್ಗೆ

ಕೊಲಾಬಾದ ಆ ಯಂತ್ರ ನಿಮ್ಮ ಕಲ್ಪನೆ ಅಲ್ವಾ?

ಯಂತ್ರ ನಿಜ, ಅದರ ಹುಚ್ಚು ಮಾತ್ರ ನನ್ನದು.

ಒಂದು ಅಯಸ್ಕಾಂತವನ್ನು ಸಣ್ಣ ಎಳೆಯಲ್ಲಿ ತೂಗುಬಿಡುತ್ತಾರೆ. ಅದಕ್ಕೊಂದು ಪುಟ್ಟ ಕನ್ನಡಿ. ಕತ್ತಲ ಕೋಣೆಯಲ್ಲಿ ದೀಪದ ಬೆಳಕು ಆ ಕನ್ನಡಿಗೆ ಬಡಿದು ಫೋಟೋ ಕಾಗದದ ಮೇಲೆ ಚುಕ್ಕೆಯಾಗಿ ಬೀಳುತ್ತದೆ. ಕಾಗದ ಸುತ್ತಿದ ಉರುಳೆಯನ್ನು ಗಡಿಯಾರ ತಿರುಗಿಸುತ್ತದೆ. ಅಯಸ್ಕಾಂತ ಕೂದಲೆಳೆಯಷ್ಟು ಅಲುಗಿದರೂ ಚುಕ್ಕೆ ಸರಿಯುತ್ತದೆ. ಕಾಗದ ತೊಳೆದಾಗ ಇಡೀ ದಿನದ ಅಲುಗಾಟ ಒಂದು ಗೆರೆಯಾಗಿ ಮೂಡುತ್ತದೆ. ಕೊಲಾಬಾದಲ್ಲಿ 1870ರ ದಶಕದಿಂದ ಇಂಥ ಯಂತ್ರ ಇತ್ತು.

ಅದಕ್ಕೂ ಮೊದಲು ಕಣ್ಣಲ್ಲಿ ನೋಡಿ ಅಂಕಿ ಬರೆಯುತ್ತಿದ್ದರು. 1859ರ ಸೆಪ್ಟೆಂಬರ್ 2ರಂದು ಸೂರ್ಯನಿಂದ ಬಂದ ದೊಡ್ಡ ಅಯಸ್ಕಾಂತ ಬಿರುಗಾಳಿಯನ್ನೂ ಕೊಲಾಬಾದವರು ಹಾಗೇ ಬರೆದಿಟ್ಟರು. ಅಯಸ್ಕಾಂತ ಶಕ್ತಿಯಲ್ಲಿ ಸುಮಾರು 1600 ನ್ಯಾನೋಟೆಸ್ಲಾ (ಅದನ್ನು ಅಳೆಯುವ ಮಾನ) ಕುಸಿತ. ಅಷ್ಟು ದೊಡ್ಡ ಬಿರುಗಾಳಿಯನ್ನು ಅಳೆದ ಆ ದಾಖಲೆಯನ್ನು ವಿಜ್ಞಾನಿಗಳು ಇವತ್ತಿಗೂ ತೆಗೆದು ಓದುತ್ತಾರೆ. ಯಾವನೋ ಒಬ್ಬ ಗುಮಾಸ್ತ ಕಣ್ಣು ಕಿರಿದು ಮಾಡಿ ಬರೆದದ್ದು ಅದು. ಅವನ ಮುಖ ನನಗೆ ಕಾಣುತ್ತದೆ.

1896ರಲ್ಲಿ ಅಲ್ಲಿ ನಿರ್ದೇಶಕರಾಗಿ ಬಂದವರು ನಾನಾಭಾಯಿ ಮೂಸ್, ಆ ಸ್ಥಾನಕ್ಕೆ ಬಂದ ಮೊದಲ ಭಾರತೀಯರು. ಕಾದಂಬರಿಯಲ್ಲಿ ಅವರ ಹೆಜ್ಜೆ ಸಪ್ಪಳ ಕೇಳುತ್ತದೆ, ಮಾತಿಲ್ಲ. ನಿಜವಾದ ವ್ಯಕ್ತಿಯ ಬಾಯಲ್ಲಿ ನನ್ನ ಮಾತು ಹಾಕಬಾರದು ಅಂತ. ಮುಂದೆ ವಿದ್ಯುತ್ ಟ್ರ್ಯಾಮ್ ಬಂದರೆ ಸೂಜಿ ಕೆಡುತ್ತದೆ ಎಂದು 1904ರಲ್ಲಿ ಅಲಿಬಾಗ್‌ನಲ್ಲಿ ಹೊಸ ವೀಕ್ಷಣಾಲಯ ಕಟ್ಟಿದರು.

ಹುಡುಗ ಒಳಗೆ ಹೋಗುವಾಗ ಕೀಲಿಕೈ, ಚಾಕು ಎಲ್ಲ ಹೊರಗೆ ಯಾಕೆ ಇಡ್ತಾನೆ?

ಇಡೀ ಪುಸ್ತಕ ನಿಂತಿರುವುದು ಈ ಪ್ರಶ್ನೆಯ ಮೇಲೆ. ಕಬ್ಬಿಣ ಹತ್ತಿರ ಬಂದರೆ ಅಯಸ್ಕಾಂತ ಅಲುಗುತ್ತದೆ, ದಾಖಲೆ ಕೆಡುತ್ತದೆ. ಆದ್ದರಿಂದ ಅಂಥ ಕೋಣೆಯಲ್ಲಿ ಕಬ್ಬಿಣದ ಮೊಳೆ ಕೂಡ ಹೊಡೆಯುವುದಿಲ್ಲ. ಇದು ವಿಜ್ಞಾನ.

ಈಗ ನಮ್ಮ ಮನೆಗಳನ್ನು ನೆನಪು ಮಾಡಿಕೊಳ್ಳಿ. ಬಾಣಂತಿಯ ತಲೆದಿಂಬಿನ ಕೆಳಗೆ ಅಡಕತ್ತರಿ. ಕೂಸಿನ ತೊಟ್ಟಿಲಲ್ಲಿ ಒಂದು ಕಬ್ಬಿಣದ ತುಂಡು. ರಾತ್ರಿ ಒಬ್ಬನೇ ಹೊರಟವನ ಕೈಯಲ್ಲಿ ಕೀಲಿಕೈ. ಕಬ್ಬಿಣ ಇದ್ದರೆ ಗಾಳಿ ಸೋಕುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ ಅಲ್ವಾ?

ಹುಡುಗನ ಅವ್ವ ಊರಿಂದ ಕಳಿಸುವಾಗ 'ಕಬ್ಬಿಣ ಬಿಟ್ಟು ಎಲ್ಲೂ ಹೋಗಬ್ಯಾಡ' ಎಂದಿದ್ದಾಳೆ. ಅವನ ಕೆಲಸದ ಮೊದಲ ನಿಯಮವೇ ಕಬ್ಬಿಣ ಬಿಟ್ಟು ಒಳಗೆ ಬಾ ಎಂಬುದು. ದಿನವೂ ಬಾಗಿಲಲ್ಲಿ ಅವ್ವನ ಮಾತು ಮುರಿದು ಕತ್ತಲೆಗೆ ಇಳಿಯುತ್ತಾನೆ. ಗಾಥಿಕ್ ಮತ್ತು ವಿಜ್ಞಾನ ಎರಡನ್ನೂ ಜೋಡಿಸಲು ನಾನು ಒಂದು ವರ್ಷ ಒದ್ದಾಡಿದೆ. ಕೊನೆಗೆ ಅವು ಆ ಬಾಗಿಲಲ್ಲಿ ತಾವಾಗಿಯೇ ಸೇರಿದವು.

ಅರ್ಧ ಗಂಟೆ ಮೊದಲೇ ಗೊತ್ತಾದರೆ ಪ್ಲೇಗನ್ನೇ ನಿಲ್ಲಿಸಬಹುದಲ್ವಾ?

ಇಲ್ಲ. ಅವನಿಗೆ ಗೊತ್ತಾಗುವುದು ಏನು ಆಗುತ್ತದೆ ಎಂದು ಮಾತ್ರ, ಯಾಕೆ ಆಗುತ್ತದೆ ಎಂದಲ್ಲ. ಪ್ಲೇಗಿಗೆ ಕಾರಣ ಕ್ರಿಮಿ, ಇಲಿ, ಚಿಗಟ, ಒತ್ತೊತ್ತಾಗಿ ಕಟ್ಟಿದ ಗಾಳಿ ಬೆಳಕಿಲ್ಲದ ಚಾಳು. ಇದನ್ನು ನಾನು ಎಲ್ಲೂ ಬದಲಿಸಿಲ್ಲ. ಯಂತ್ರದಿಂದಲೋ ಶಾಪದಿಂದಲೋ ರೋಗ ಬಂತು ಎಂದು ಬರೆದರೆ ಆ ಚಾಳು ಕಟ್ಟಿ ಬಾಡಿಗೆ ತಿಂದವರೂ ಮನೆ ಹೊಕ್ಕು ಎಳೆದೊಯ್ದವರೂ ತಪ್ಪಿಸಿಕೊಳ್ಳುತ್ತಾರೆ. ಅದು ಸತ್ತವರಿಗೆ ಮಾಡುವ ಅನ್ಯಾಯ.

ಇನ್ನೊಂದು ತೊಡಕು. ಕಾಗದ ದಿನಕ್ಕೊಮ್ಮೆ ತೆಗೆಯಬೇಕಾದದ್ದು. ಮೊದಲೇ ತೆಗೆದರೆ ಸರಕಾರಿ ದಾಖಲೆಯಲ್ಲಿ ಖಾಲಿ ಜಾಗ ಬೀಳುತ್ತದೆ. ತೊಳೆಯಲು ಹತ್ತು ನಿಮಿಷ. ಉಳಿದ ಇಪ್ಪತ್ತು ನಿಮಿಷದಲ್ಲಿ ಕೊಲಾಬಾದಿಂದ ಮಾಂಡ್ವಿಗೆ ಹೋಗಲು ಕುದುರೆ ಟ್ರ್ಯಾಮ್‌ನಿಂದ ಆಗುವುದಿಲ್ಲ. ಆ ಕಡೆ ತಂತಿ ಆಫೀಸಿನಲ್ಲಿ ಕಾರವಾರದ ಗೆಳೆಯನೊಬ್ಬ ಬೇಕಾಗುತ್ತಾನೆ. ಇಬ್ಬರೂ ಸೇರಿ ಒಂದು ರಾತ್ರಿಗೆ ಒಂದು ಮನೆಗೆ ಸುದ್ದಿ ಮುಟ್ಟಿಸಬಹುದು. ಯಾವ ಮನೆಗೆ? ಸುದ್ದಿ ಮುಟ್ಟಿಸಿ ರೋಗಿಯನ್ನು ಅಡಗಿಸಿದರೆ ಪಕ್ಕದ ಖೋಲಿಯ ಮಕ್ಕಳ ಗತಿ? ಆರನೇ ಅಧ್ಯಾಯದಿಂದ ಮುಂದೆ ಕಥೆ ಇದೇ.

1898ರ ಗ್ರಹಣ ಯಾಕೆ ತಂದಿರಿ? ಹೀಲಿಯಂ ಕಂಡುಹಿಡಿದದ್ದು ವಿಜಯದುರ್ಗದಲ್ಲಿ ಅಂತಾರಲ್ಲ?

1898ರ ಜನವರಿ 22ರಂದು ಪೂರ್ಣ ಸೂರ್ಯಗ್ರಹಣ ಆಯಿತು. ಪುಣೆಯ ಖಗೋಳ ವಿಜ್ಞಾನಿ ನಾಯೆಗಾಂವಾಲಾ ಅವರ ತಂಡ ಜೇವೂರಿನಲ್ಲಿ ಬೀಡುಬಿಟ್ಟಿತು. ಇಂಗ್ಲೆಂಡಿನ ಲಾಕಿಯರ್ ವಿಜಯದುರ್ಗದ ಕೋಟೆಗೆ ಬಂದರು. ಪ್ಲೇಗಿನ ನಡುವೆ ಹೀಗೆ ಹಗಲಲ್ಲಿ ಕತ್ತಲೆ ಬಿದ್ದದ್ದು ನಿಜವಾದ್ದರಿಂದ ಬಿಡಲಾಗಲಿಲ್ಲ.

ಹೀಲಿಯಂ ಕಥೆ ಅದಕ್ಕಿಂತ 30 ವರ್ಷ ಹಳೆಯದು. 1868ರ ಗ್ರಹಣವನ್ನು ಫ್ರಾನ್ಸಿನ ಜಾನ್ಸೆನ್ ನೋಡಿದ್ದು ಗುಂಟೂರಿನಲ್ಲಿ. ಅದೇ ವರ್ಷ ಲಾಕಿಯರ್ ಇಂಗ್ಲೆಂಡಿನಲ್ಲೇ ಕೂತು ಸೂರ್ಯನ ಬೆಳಕಿನಲ್ಲಿ ಹೀಲಿಯಂನ ಹಳದಿ ಗೆರೆ ನೋಡಿದರು. ಎರಡು ಗ್ರಹಣದ ಕಥೆ ಬೆರೆತು ಹೋಗಿದೆ.

## ಬರೆಯುವವರು ಕೇಳುವುದು

ನಿಜವಾಗಿ ಸತ್ತವರನ್ನು ಓದುಗರನ್ನು ಹೆದರಿಸಲು ಬಳಸುವುದು ಸರಿಯಾ?

ನನ್ನನ್ನು ತುಂಬ ಕಾಡಿದ ಪ್ರಶ್ನೆ ಇದು. ಕೇಳಿದವರು ಹಿರಿಯ ನರ್ಸ್, ಕಾಗದದಲ್ಲಿ. ಅವರಿಗೆ ಬರೆದದ್ದನ್ನೇ ಇಲ್ಲಿ ಹೇಳುತ್ತೇನೆ. ಹೆಣವನ್ನು ನಾನು ಭಯಕ್ಕೆ ಬಳಸುವುದಿಲ್ಲ. ಗಡ್ಡೆ, ಕೀವು ಇವನ್ನು ಒಂದೇ ಸಲ, ತಾಯಿಯೊಬ್ಬಳು ಒರೆಸುವಾಗ ತೋರಿಸಿದ್ದೇನೆ. ಭಯ ಬರಬೇಕಾದದ್ದು ಬಾಗಿಲು ಬಡಿಯುವ ಸದ್ದಿನಿಂದ, ಗೋಡೆಯ ಮೇಲಿನ ಮೂರು ಅಕ್ಷರದಿಂದ, ಪಕ್ಕದ ಮನೆಯವರು ನೀರಿನ ಕೊಡ ದೂರ ಇಡುವುದರಿಂದ. ಸತ್ತ ಯಾರಿಗೂ ನಿಜವಾದ ಹೆಸರು ಕೊಟ್ಟಿಲ್ಲ. ಎರಡು ಅಧ್ಯಾಯ ಈ ಕಾರಣಕ್ಕೇ ಹರಿದು ಮತ್ತೆ ಬರೆದಿದ್ದೇನೆ.

ಮಾತು ಧಾರವಾಡ ಕನ್ನಡ, ಕಥೆ ಹೇಳುವುದು ಬೇರೆ ಕನ್ನಡ. ಯಾಕೆ ಹೀಗೆ?

ಹುಡುಗ ಅವ್ವನ ಜೊತೆ ಧಾರವಾಡದ ಮಾತು ಆಡುತ್ತಾನೆ, ಚಾಳಿನಲ್ಲಿ ಮರಾಠಿ, ಆಫೀಸಿನಲ್ಲಿ ಇಂಗ್ಲಿಷು. ನಾವೂ ಹಾಗೇ ಅಲ್ವಾ? ಖೋಲಿಗೆ ಕೋಣೆ ಎಂದು ಬರೆದರೆ ಮುಂಬಯಿ ಹೋಗಿಬಿಡುತ್ತದೆ. ಕಥೆ ಹೇಳುವವಳು ಇವತ್ತಿನ ಹೆಂಗಸು, ಆದ್ದರಿಂದ ನನ್ನ ಕನ್ನಡ.

ನಮ್ಮ ಮನೆಯಲ್ಲೂ ಪ್ಲೇಗಿನ ಕಥೆ ಇದೆ. ಬರೆಯಬೇಕು ಅನಿಸಿದೆ. ಎಲ್ಲಿಂದ ಶುರು ಮಾಡಲಿ?

ಹಿರಿಯರ ಹತ್ತಿರ ಕೂತು 'ಪ್ಲೇಗ್ ಬಗ್ಗೆ ಹೇಳು' ಎಂದು ಕೇಳಬೇಡಿ, 'ಭಾಳ ಕೆಟ್ಟಿತ್ತು' ಎಂದು ಸುಮ್ಮನಾಗುತ್ತಾರೆ. ಒಂದು ವಸ್ತು ಕೈಗೆ ಕೊಟ್ಟು ಕೇಳಿ. ಇದು ಯಾರದು, ಇದು ಹೇಗೆ ಉಳಿಯಿತು ಎಂದು.

ನಮ್ಮ ಅಜ್ಜಿಯ ಹತ್ತಿರ ಅಂಗೈ ಉದ್ದದ ಒಂದು ಕೀಲಿಕೈ ಇತ್ತು. ಅವಳ ಅವ್ವ ಕೂಸಾಗಿದ್ದಾಗ ಊರಲ್ಲಿ ಇಲಿ ಬಿದ್ದವು. ಎಲ್ಲರೂ ಮನೆಗೆ ಕೀಲಿ ಹಾಕಿ ಹೊಲದಲ್ಲಿ ಗುಡಿಸಲು ಕಟ್ಟಿಕೊಂಡರು. ಅಜ್ಜಿ ಪ್ಲೇಗ್ ಎಂಬ ಹೆಸರೇ ಎತ್ತುತ್ತಿರಲಿಲ್ಲ, 'ಆ ಬ್ಯಾನಿ' ಎನ್ನುತ್ತಿದ್ದಳು. ಹೊಲದಿಂದ ತಿರುಗಿ ಬಂದವರು ಮೂವರು ಮಾತ್ರ. ಮನೆ ಆಮೇಲೆ ಬಿದ್ದುಹೋಯಿತು. ಕೀಲಿಕೈ ಈಗ ನನ್ನ ಹತ್ತಿರ ಇದೆ. ಕಾದಂಬರಿಯ ಮೊದಲ ಸಾಲಿನಲ್ಲಿ ಹುಡುಗ ಬಾಗಿಲ ಪಕ್ಕದ ಮರದ ಗೂಟಕ್ಕೆ ಅದನ್ನೇ ನೇತುಹಾಕಿ ಒಳಗೆ ಹೋಗುತ್ತಾನೆ.